ದುರ್ಗದ ಬಂಡೆಗೆ ‘ಕಟ್’ ಇಲ್ಲ!

ಚಿತ್ರರಸಿಕ ಗೆಳೆಯರೇ, ಈ ವಾರ ಸ್ಟುಡಿಯೋ ಸುದ್ದಿ ಇಲ್ಲ. ಡಬ್ಬಿಂಗ್ ಥಿಯೇಟರಿನ ಬಾಗಿಲು ತಟ್ಟಿಲ್ಲ. ಯಾವ ನಾಯಕಿಗೆ ಯಾರ ಮೇಲೆ ಮುನಿಸು ಅನ್ನೋದನ್ನ ವಿಚಾರಿಸಿಕೊಂಡೂ ಬಂದಿಲ್ಲ. ಈ ವಾರ ನಿಮ್ಮನ್ನು ಕರೆದುಕೊಂಡು ಹೋಗುವುದು ಕನ್ನಡ ಚಿತ್ರರಂಗ ಕಂಡ ಅತಿ ದೊಡ್ಡ ‘ಸೆಟ್’ಗೆ! ಇದನ್ನು ಹಾಕಿದವರು ಕಲಾ ನಿರ್ದೇಶಕರಲ್ಲ, ಪಾಳೆಯಗಾರರು. ಹಾಕಿ ನಾಲ್ಕು ಶತಮಾನ ಕಳೆದರೂ ಇನ್ನೂ ಕಳಚಿಲ್ಲ.

ಅದೇ ಸ್ವಾಮಿ, ಚಿತ್ರದುರ್ಗದ ಏಳುಸುತ್ತಿನ ಕೋಟೆ!

‘ರಾಮಾಚಾರಿ ನಿಂತ ಬಂಡೆ ಯಾವುದು ತೋರಿಸಿ ಅಣ್ಣಾ’ ಎಂದು ಕೊಂಡಜ್ಜಿಯ ಓದುಗನೊಬ್ಬ ಬರೆದಿದ್ದ. ಅವನಿಗೆ ಫೋನು ಮಾಡಿದೆ. ಒಬ್ಬನಿಗೆ ತೋರಿಸೋಣ ಅಂತ ಹೋದರೆ ಕೊಂಡಜ್ಜಿ ಕೆರೆ ಏರಿಯ ಹತ್ತಿರ ಹನ್ನೊಂದು ಜನ ನಿಂತಿದ್ದಾರೆ! ಕೊಂಡಜ್ಜಿ ಗೊತ್ತಲ್ಲ? ಹರಿಹರ ತಾಲ್ಲೂಕಿನ ಊರು. ಒಂದು ಕಡೆ ಕೆರೆ, ಒಂದು ಕಡೆ ಗುಡ್ಡ, ಸ್ಕೌಟ್ ಹುಡುಗರ ಶಿಬಿರಕ್ಕೆ ಹೆಸರಾದ ಜಾಗ. ಬಾಡಿಗೆ ಕ್ರೂಸರ್ ಗಾಡಿ, ಒಂದು ಚೀಲ ಮಂಡಕ್ಕಿ, ಒಂದು ಸ್ಪೀಕರು. ಬೆಳಿಗ್ಗೆ ಆರೂವರೆಗೆ ಹೊರಟೆವು. ದಾವಣಗೆರೆ ದಾಟಿ ಹೆದ್ದಾರಿ ಹಿಡಿದರೆ ದುರ್ಗಕ್ಕೆ ಅರವತ್ತು ಕಿಲೋಮೀಟರಿನ ಆಸುಪಾಸು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ರೆಕ್ಕೆ ಕಾಣಿಸಿದವು ಅಂದರೆ ದುರ್ಗ ಬಂತು ಅಂತ ಲೆಕ್ಕ.

ಅಂದ ಹಾಗೆ, ಈ ಹುಡುಗರಿಗೆ ದುರ್ಗ ಪರಸ್ಥಳ ಏನಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಹರಿಹರ, ದಾವಣಗೆರೆ ಎಲ್ಲ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದವು. ಇನ್ನೊಂದು ವಿಷಯ ಹೇಳಿದಾಗ ಮಾತ್ರ ಇಡೀ ಗಾಡಿ ಸುಮ್ಮನಾಯಿತು. ‘ನಾಗರಹಾವು’ ಬರೆದ ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಇದೇ ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ!

‘ಲೇ, ಮಲೆಬೆನ್ನೂರೇನಲೇ! ನಮ್ಮ ಅಕ್ಕನ್ನ ಕೊಟ್ಟಿರೋ ಊರು!’ ಎಂದ ಒಬ್ಬ. ರಾಮಾಚಾರಿ ಆ ಕ್ಷಣದಿಂದ ಅವನಿಗೆ ನೆಂಟನಾಗಿಬಿಟ್ಟ.

ಒಂದು ಚಿತ್ರ, ಮೂರು ಕಾದಂಬರಿ

ಹೊಸ ಓದುಗರಿಗಾಗಿ ಸ್ವಲ್ಪ ಫ್ಲ್ಯಾಷ್‌ಬ್ಯಾಕ್. ‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರ್ ಕೊನೆಯಲ್ಲಿ. ನಿರ್ಮಾಪಕರು ಎನ್. ವೀರಾಸ್ವಾಮಿ, ನಿರ್ದೇಶಕರು ಪುಟ್ಟಣ್ಣ ಕಣಗಾಲ್. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಚಿತ್ರ ಮಾಡಿದರು. ಸಂಪತ್ ಕುಮಾರ್ ಎಂಬ ಹುಡುಗನಿಗೆ ವಿಷ್ಣುವರ್ಧನ್ ಎಂದು ಹೆಸರಿಟ್ಟು ನಾಯಕನನ್ನಾಗಿ ನಿಲ್ಲಿಸಿದವರು ಪುಟ್ಟಣ್ಣನವರೇ. ಅಂಬರೀಶ್ ಮೊದಲು ಬಣ್ಣ ಹಚ್ಚಿದ್ದೂ ಇದೇ ಚಿತ್ರದಲ್ಲಿ, ಜಲೀಲನಾಗಿ. ಅಲಮೇಲು ಆರತಿ, ಮಾರ್ಗರೆಟ್ ಶುಭಾ, ಚಾಮಯ್ಯ ಮೇಷ್ಟ್ರು ಅಶ್ವಥ್, ತುಂಗಮ್ಮ ಲೀಲಾವತಿ. ಮೂಲ ಲೇಖಕರಿಗೆ ಮಾತ್ರ ಚಿತ್ರ ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಬೇಸರಪಟ್ಟುಕೊಂಡ ಮಾತು ಗಾಂಧಿನಗರದಲ್ಲಿ ಇವತ್ತಿಗೂ ಓಡಾಡುತ್ತದೆ. ಜನ ಮಾತ್ರ ಹಾವಿಗೆ ಹಾಲೆರೆದರು. ಎರಡೇ ವರ್ಷದಲ್ಲಿ, 1974ರಲ್ಲಿ, ಪುಟ್ಟಣ್ಣನವರೇ ಇದನ್ನು ರಿಷಿ ಕಪೂರ್ ಹಾಕಿಕೊಂಡು ಹಿಂದಿಗೂ ತೆಗೆದರು. 2018ರ ಜುಲೈನಲ್ಲಿ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬಿಡುಗಡೆಯಾದಾಗ, ನಮ್ಮ ಕ್ರೂಸರಿನ ಅರ್ಧ ಹುಡುಗರು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದರು. ಆದರೂ ಡೈಲಾಗ್ ಕಂಠಪಾಠ!

ಅವರಲ್ಲೊಬ್ಬ, ಬಲಗೈಗೆ ಕಡಗ ಹಾಕಿಕೊಂಡವನು. ಗೆಳೆಯರು ಅವನನ್ನು ‘ಕಡಗ’ ಎಂದೇ ಕರೆಯುತ್ತಾರೆ. ನಾವೂ ಹಾಗೇ ಕರೆಯೋಣ. ಎರಡನೇ ಪಿಯುಸಿಯಲ್ಲಿ ಇಂಗ್ಲಿಷ್ ಒಂದು ಪೇಪರ್ ಉಳಿದಿದೆ. ಅದನ್ನು ಅಲ್ಲಿಗೇ ಬಿಟ್ಟು, ಮುಂದಿನ ಸೋಮವಾರ ಬೆಂಗಳೂರಿನ ಬಸ್ಸು ಹತ್ತುವುದು ಎಂದು ತೀರ್ಮಾನಿಸಿದ್ದಾನೆ. ಗಾಂಧಿನಗರದಲ್ಲಿ ‘ಚಾನ್ಸ್’ ಹುಡುಕಲು! ಮನೆಯಲ್ಲಿ ಗೊತ್ತಿಲ್ಲ. ಗಾಡಿಯಲ್ಲಿ ಎಲ್ಲರಿಗೂ ಗೊತ್ತು.

ಗೈಡ್ ಯಜಮಾನರು

ಕೋಟೆಯ ಬಾಗಿಲಲ್ಲಿ ಗೈಡ್ ಸಿಕ್ಕರು. ಅರವತ್ತು ದಾಟಿದ ಸಣ್ಣ ಆಳು. ಬಿಳಿ ಅಂಗಿ, ಕಾಲಲ್ಲಿ ಹವಾಯಿ ಚಪ್ಪಲಿ, ಕಂಕುಳಲ್ಲಿ ಛತ್ರಿ. ಹುಡುಗರು ಚೌಕಾಸಿಗೆ ಇಳಿದರು.

‘ಯಜಮಾನ್ರೇ, ಸ್ವಲ್ಪ ನೋಡ್ಕೊಂಡು ಹೇಳ್ರಿ. ನಾವೆಲ್ಲ ಓದೋ ಹುಡುಗ್ರು.’

‘ಓದೋ ಹುಡುಗ್ರಾದ್ರೆ ಲೆಕ್ಕ ಬರಬೇಕಲ್ಲಪ್ಪ? ಹನ್ನೊಂದು ಜನಕ್ಕೆ ಭಾಗ ಮಾಡ್ರಿ. ತಲೆಗೆ ಒಂದು ಸಿನಿಮಾ ಟಿಕೆಟಿನ ಅರ್ಧವೂ ಆಗಲ್ಲ. ಮೂರು ಗಂಟೆ ಷೋ ತೋರಿಸ್ತೀನಿ, ಇಂಟರ್‌ವೆಲ್ ಎರಡು ಸಲ!’

ಅಲ್ಲಿಗೆ ಚೌಕಾಸಿ ಮುಗಿಯಿತು.

ದುರ್ಗದ ಕೋಟೆಯೊಳಗೆ ದಾರಿ ನೇರವಾಗಿ ಹೋಗುವುದೇ ಇಲ್ಲ. ಬಾಗಿಲು ದಾಟಿದರೆ ತಿರುವು, ತಿರುವು ದಾಟಿದರೆ ಗೋಡೆ, ಗೋಡೆಯ ಪಕ್ಕ ಇನ್ನೊಂದು ಬಾಗಿಲು. ಯಾಕೆ ಹೀಗೆ? ಯಜಮಾನರು ಛತ್ರಿಯಿಂದ ತೋರಿಸಿದರು. ‘ಆನೆ ಬಾಗಿಲು ಒಡೀಬೇಕಾದ್ರೆ ದೂರದಿಂದ ಓಡಿ ಬರಬೇಕು. ಇಲ್ಲಿ ಆನೆಗೆ ಓಡೋಕೆ ಜಾಗ ಎಲ್ಲಿದೆ? ತಿರುಗೋದ್ರಲ್ಲೇ ಸುಸ್ತು. ತಿರುಗೋ ಹೊತ್ತಿಗೆ ಮೇಲಿಂದ ಕಲ್ಲು!’ ಕೆಳಗಿನ ಬಾಗಿಲುಗಳಿಗೆ ರಂಗಯ್ಯನ ಬಾಗಿಲು, ಗಾರೆ ಬಾಗಿಲು, ಕಾಮನ ಬಾಗಿಲು ಎಂದು ಹೆಸರು. ಮನುಷ್ಯ ಕಟ್ಟಿದ ಗೋಡೆ ಎಲ್ಲಿ ಮುಗಿಯಿತು, ದೇವರು ಇಟ್ಟ ಬಂಡೆ ಎಲ್ಲಿ ಶುರುವಾಯಿತು ಅಂತ ಕೆಲವು ಕಡೆ ಗೊತ್ತೇ ಆಗುವುದಿಲ್ಲ. ಬಂಡೆಯನ್ನೇ ಗೋಡೆಯ ಲೆಕ್ಕಕ್ಕೆ ಸೇರಿಸಿ ಕಟ್ಟಿದ್ದಾರೆ ಜಾಣರು.

ಸ್ವಲ್ಪ ಮೇಲೆ ಒಂದು ದುಂಡನೆಯ ಗುಂಡಿಯಲ್ಲಿ ನಾಲ್ಕು ದೈತ್ಯ ಬೀಸುವ ಕಲ್ಲುಗಳಿವೆ. ಮದ್ದು ಅರೆಯುತ್ತಿದ್ದ ಕಲ್ಲು ಎನ್ನುತ್ತಾರೆ. ಹುಡುಗರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಕಲ್ಲು ದೊಡ್ಡದೋ ತೋಳು ದೊಡ್ಡದೋ ಎಂಬ ಪೈಪೋಟಿ. ಕಲ್ಲೇ ಗೆದ್ದಿತು.

ಪಾಳೆಯಗಾರರ ಕಥೆ ನಿಮಗೆ ಗೊತ್ತಿರುವುದೇ. 1568ರಲ್ಲಿ ತಿಮ್ಮಣ್ಣ ನಾಯಕನಿಂದ ಶುರುವಾದ ವಂಶ. ಕೊನೆಯ ದೊರೆ ಮದಕರಿ ನಾಯಕ. ಹೈದರಾಲಿ ಮೇಲಿಂದ ಮೇಲೆ ಮುತ್ತಿಗೆ ಹಾಕಿ, 1779ರಲ್ಲಿ ಕೋಟೆ ಹಿಡಿದು, ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಈ ಮಣ್ಣಿನ ಮೇಲೆ ತ.ರಾ.ಸು. ಒಂದಾದ ಮೇಲೊಂದು ಐತಿಹಾಸಿಕ ಕಾದಂಬರಿ ಬರೆದರು. ಕೊನೆಯದು 1982ರ ‘ದುರ್ಗಾಸ್ತಮಾನ’. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದದ್ದು 1985ರಲ್ಲಿ, ಅವರು ತೀರಿಕೊಂಡ ಮರುವರ್ಷ.

ಕಿಂಡಿಯ ಮುಂದೆ

ಹುಡುಗರು ಕಾಯುತ್ತಿದ್ದ ಜಾಗ ಬಂತು. ಓಬವ್ವನ ಕಿಂಡಿ! ಸ್ಪೀಕರಿನಲ್ಲಿ ಹಾಡು ಹಾಕಲು ಒಬ್ಬ ರೆಡಿಯಾದ. ಯಜಮಾನರು ಕೈ ಅಡ್ಡ ಹಿಡಿದರು.

‘ಹಾಡು ಆಮೇಲೆ ಹಾಕ್ರಿ. ಮೊದಲು ತೂತಿನೊಳಗೆ ಹೋಗಿ ಬರ್ರಿ.’

ಎರಡು ಬಂಡೆಗಳ ನಡುವೆ ಇಕ್ಕಟ್ಟಾದ ಸಂದು. ಒಬ್ಬೊಬ್ಬರೇ ಬಗ್ಗಿ, ತಲೆ ಮುಂದೆ ಮಾಡಿ, ತೆವಳಿಕೊಂಡೇ ಹೊರಗೆ ಬರಬೇಕು. ನಮ್ಮಲ್ಲಿ ಸ್ವಲ್ಪ ಗಾತ್ರದ ಒಬ್ಬ ಹುಡುಗ ನಡುವೆ ಸಿಕ್ಕಿಕೊಂಡು ಗೋವಿಂದಾ ಅಂದ! ಆಗ ಎಲ್ಲರಿಗೂ ಅರ್ಥವಾಯಿತು. ತಲೆ ಹೊರಗೆ, ಕೈ ಇನ್ನೂ ಒಳಗೆ. ಆ ಹೊತ್ತಿನಲ್ಲಿ ಕತ್ತಿ ಇದ್ದರೂ ಎತ್ತಲು ಆಗುವುದಿಲ್ಲ. ಹೊರಗೆ ಒನಕೆ ಹಿಡಿದು ಒಬ್ಬ ಹೆಂಗಸು ನಿಂತರೆ ಸಾಕು.

ದುರ್ಗದಲ್ಲಿ ಹೇಳುವ ಕಥೆ ಇದು. ಮೊಸರು ಮಾರುವವಳು ಈ ಸಂದಿನಿಂದ ಓಡಾಡುವುದನ್ನು ಹೈದರನ ಸೈನಿಕರು ನೋಡಿದರು. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದ. ಹೆಂಡತಿ ಓಬವ್ವ ನೀರಿಗೆ ಹೋದವಳು ಪಿಸುಮಾತು ಕೇಳಿದಳು. ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸಲಿಲ್ಲ. ಕೈಗೆ ಸಿಕ್ಕ ಒನಕೆ ಹಿಡಿದು ಬಂದು ನಿಂತಳು. ಮುಂದಿನದು ನಿಮಗೆ ಜಯಂತಿಯವರು ತೋರಿಸಿದ್ದಾರೆ.

‘ನೋಡ್ರಿ ತಮ್ಮಾ,’ ಎಂದರು ಯಜಮಾನರು. ‘ಹೆಬ್ಬಾಗಿಲು ಕಾಯೋಕೆ ದೊಡ್ಡ ಪಡೆ. ಅಲ್ಲಿ ನಗಾರಿ, ಬಾವುಟ, ಎಲ್ಲ ಇತ್ತು. ಕಿಂಡಿ ಕಾಯೋಕೆ ಒಬ್ಬ. ಅವನೂ ಊಟಕ್ಕೆ ಹೋಗಿದ್ದ. ಆವತ್ತು ದುರ್ಗ ಉಳಿದದ್ದು ಪಗಾರ ಪುಸ್ತಕದಲ್ಲಿ ಹೆಸರೇ ಇಲ್ಲದವಳಿಂದ.’

ಈ ಮಾತು ನನಗೆ ನಾಟಿತು. ಓಬವ್ವನ ಚಿತ್ರಪಟ ಯಾವುದೂ ಉಳಿದಿಲ್ಲ. ಇವತ್ತು ಕಣ್ಣು ಮುಚ್ಚಿ ಓಬವ್ವ ಎಂದರೆ ನಮಗೆ ಕಾಣುವುದು ಜಯಂತಿಯವರ ಮುಖ. ಇಡೀ ಚಿತ್ರದಲ್ಲಿ ಅವರಿಗೆ ಇದ್ದದ್ದು ಒಂದೇ ಹಾಡು. ನಾಯಕಿಯರು ಬೇರೆ ಇದ್ದರು, ಪೋಸ್ಟರಿನಲ್ಲಿ ನಾಯಕ ಬೇರೆ ಇದ್ದ. 2021ರಲ್ಲಿ ಜಯಂತಿಯವರು ತೀರಿಕೊಂಡರು. ಅದೇ ವರ್ಷದಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ಸಣ್ಣ ಪಾರ್ಟು ಎಂದು ಮೂಗು ಮುರಿಯುವ ಹೊಸ ಮುಖಗಳು ಒಮ್ಮೆ ಈ ಕಿಂಡಿಯಲ್ಲಿ ತೆವಳಿ ಬರಬೇಕು!

‘ಯಜಮಾನ್ರೇ, ಶೂಟಿಂಗ್ ನೋಡಿದ್ರಾ ನೀವು?’ ಕಡಗ ಕೇಳಿದ.

‘ನೋಡಿದ್ನಪ್ಪ. ಆಗ ಒಂಬತ್ತೋ ಹತ್ತೋ ವರ್ಷ ನಂಗೆ. ಬಂಡೆ ಮೇಲೆ ಕೂತು ಬೆಳಿಗ್ಗೆಯಿಂದ ಸಂಜೆವರೆಗೂ ನೋಡ್ದೆ. ಏನ್ ಕಂಡೆ ಹೇಳು? ಬೆನ್ನು! ನಂ ಮುಂದೆ ನಿಂತಿದ್ದವರ ಬೆನ್ನು. ಆಮೇಲೆ ಟೆಂಟಿಗೆ ಪಿಕ್ಚರ್ ಬಂದ ಮೇಲೇ ಗೊತ್ತಾಗಿದ್ದು, ಆವತ್ತು ಅಲ್ಲಿ ಇಷ್ಟೆಲ್ಲ ನಡೀತು ಅಂತ.’

ನೀರಿನ ಲೆಕ್ಕ

ಮೇಲೆ ಹೋದಂತೆ ದೇವಸ್ಥಾನಗಳು. ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ. ಏಕನಾಥೇಶ್ವರಿ ದುರ್ಗದ ದೇವಿ. ಕೈ ಮುಗಿಯದೆ ಮುಂದೆ ಹೋಗುವವರಿಲ್ಲ. ಆಮೇಲೆ ಹೊಂಡಗಳು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅದು ತುಂಬಿದರೆ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಂತೆಹೊಂಡಕ್ಕೆ. ಪಂಪಿಲ್ಲ, ಕರೆಂಟಿಲ್ಲ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಬೆಟ್ಟದ ತುದಿಯಲ್ಲಿ ಸೈನ್ಯ ಇಟ್ಟುಕೊಂಡು ತಿಂಗಳುಗಟ್ಟಲೆ ಮುತ್ತಿಗೆ ತಡೆದರು ಎಂದರೆ, ಗುಟ್ಟು ಈ ಹೊಂಡಗಳಲ್ಲೂ ಇದೆ. ಮದಕರಿ ಸೆರೆಯಾದ ಮೇಲೆ ಅವನ ಇಬ್ಬರು ರಾಣಿಯರು ಬಿದ್ದು ಪ್ರಾಣ ಬಿಟ್ಟದ್ದರಿಂದ ಅಕ್ಕ-ತಂಗಿ ಹೊಂಡ ಎಂಬ ಹೆಸರು ಬಂತು ಎಂದು ಜನ ಹೇಳುತ್ತಾರೆ.

ಅಲ್ಲಿ ಗೋಡೆಯ ಮೇಲೆ ಸುಣ್ಣದಲ್ಲಿ, ಮೊಳೆಯಲ್ಲಿ ಕೆತ್ತಿದ ಹೆಸರುಗಳು. ಹೃದಯ, ಬಾಣ, ಇಂಗ್ಲಿಷ್ ಅಕ್ಷರ. ಯಜಮಾನರು ಬೈಯಲಿಲ್ಲ. ‘ಇದನ್ನ ಕಟ್ಟಿದ ಒಡ್ಡರು ಒಬ್ಬರೂ ಹೆಸರು ಬರೀಲಿಲ್ಲ ನೋಡ್ರಿ’ ಎಂದಷ್ಟೇ ಹೇಳಿ ಮುಂದೆ ನಡೆದರು. ಜೇಬಿನಿಂದ ಬೀಗದ ಕೈ ತೆಗೆದಿದ್ದ ಒಬ್ಬ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ತುಪ್ಪದ ಕೊಳ

ಈಗ ಕ್ಲೈಮ್ಯಾಕ್ಸ್.

ತುಪ್ಪದ ಕೊಳದ ಬೆಟ್ಟ ಕೋಟೆಯಲ್ಲಿ ಬಹಳ ಎತ್ತರದ ಜಾಗಗಳಲ್ಲೊಂದು. ಹತ್ತಲು ಮೆಟ್ಟಿಲಿಲ್ಲ. ಕಡಿದಾದ ಬಂಡೆಯಲ್ಲಿ ಪಾದದ ತುದಿ ಹಿಡಿಯುವಷ್ಟು ಗುಳಿಗಳನ್ನು ಕೊರೆದಿದ್ದಾರೆ, ಅಷ್ಟೇ. ಯಜಮಾನರು ಕೆಳಗೇ ನಿಂತು, ‘ಇದನ್ನ ಇಲ್ಲಿಂದಲೇ ನೋಡ್ರಿ. ಮೇಲೆ ಬೇಡ’ ಎಂದರು.

ಬೇಡ ಎಂದರೆ ಕೇಳುವವನು ಕಡಗನೇ? ಫೋನು ಗೆಳೆಯನ ಕೈಗೆ ಕೊಟ್ಟ. ‘ರೀಲ್ಸ್ ತೆಗಿಯಲೇ, ರಾಮಾಚಾರಿ ಎಂಟ್ರಿ!’ ಎಂದವನೇ ಬೂಟುಕಾಲಲ್ಲಿ ಸರಸರ ಹತ್ತಿದ. ಕೆಳಗೆ ಶಿಳ್ಳೆ, ಚಪ್ಪಾಳೆ. ಅರ್ಧ ದಾರಿಗೆ ಹೋದ. ತಿರುಗಿ ಕ್ಯಾಮೆರಾ ಕಡೆ ನೋಡಿದ... ಅಲ್ಲೇ ಆಯಿತು ಎಡವಟ್ಟು!

ಹತ್ತುವಾಗ ಕಣ್ಣಿಗೆ ಕಾಣುವುದು ಬಂಡೆ. ತಿರುಗಿದಾಗ ಕಾಣುವುದು ಪಾತಾಳ. ಹುಡುಗನ ಮುಖದ ಬಣ್ಣ ಇಳಿಯಿತು. ಮೊಣಕಾಲು ತಟತಟ ನಡುಗುತ್ತಿರುವುದು ಕೆಳಗಿದ್ದ ನಮಗೇ ಕಾಣುತ್ತಿತ್ತು. ಬೂಟು ಒಮ್ಮೆ ಜಾರಿತು. ಮೇಲೂ ಹೋಗಲಾರ, ಕೆಳಗೂ ಬರಲಾರ. ಶಿಳ್ಳೆ ನಿಂತುಹೋಯಿತು. ಒಬ್ಬ ಅಳುವ ದನಿಯಲ್ಲಿ ‘ಇಳೀಲೇ ಮಗಾ’ ಎಂದ. ಇಳಿಯುವುದು ಹೇಗೆ ಎಂಬುದೇ ಅವನಿಗೆ ಗೊತ್ತಿಲ್ಲ.

ಯಜಮಾನರು ಛತ್ರಿಯನ್ನು ನನ್ನ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟರು. ಬರಿಗಾಲಲ್ಲಿ, ಅವಸರವಿಲ್ಲದೆ, ಹಿತ್ತಿಲ ಏಣಿ ಹತ್ತುವವರ ಹಾಗೆ ಹತ್ತಿ ಅವನ ಕೆಳಗೆ ಹೋಗಿ ನಿಂತರು.

‘ಕೆಳಗೆ ನೋಡಬ್ಯಾಡ ತಮ್ಮಾ. ಬಂಡೆ ನೋಡು. ಎಡಗಾಲು ಬಿಡು... ಬಿಡು, ನಾನಿದ್ದೀನಿ. ಇಕಾ, ಇಲ್ಲಿ ಗುಳಿ. ಸಿಕ್ತಾ? ಈಗ ಬಲಗಾಲು.’

ಅವನ ಹಿಮ್ಮಡಿಯನ್ನು ಕೈಯಲ್ಲಿ ಹಿಡಿದು ಒಂದೊಂದೇ ಗುಳಿಗೆ ಇಟ್ಟುಕೊಂಡು ಇಳಿಸಿದರು. ಹತ್ತಲು ಒಂದು ನಿಮಿಷ ಹಿಡಿದ ದಾರಿ ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಹನ್ನೊಂದು ಜನ ಉಸಿರು ಬಿಗಿಹಿಡಿದು ನಿಂತಿದ್ದೆವು. ಕಡಗ ನೆಲಕ್ಕೆ ಕಾಲಿಟ್ಟವನೇ ಕುಸಿದು ಕೂತ. ಯಜಮಾನರು ತಮ್ಮ ಬಾಟಲಿಯ ನೀರು ಕೊಟ್ಟರು. ಬೈಗುಳ ಬರುತ್ತದೆ ಎಂದು ಎಲ್ಲರೂ ಕಾದೆವು.

‘ಪಿಕ್ಚರಲ್ಲಿ ಬಿದ್ದವರು ಕಟ್ ಅಂದ ಮೇಲೆ ಎದ್ದು ಕಾಫಿ ಕುಡೀತಾರಪ್ಪ. ಈ ಬಂಡೆಗೆ ಕಟ್ ಇಲ್ಲ’ ಎಂದರು. ಸ್ವಲ್ಪ ಸುಮ್ಮನಿದ್ದು, ‘ಹತ್ತಬ್ಯಾಡ ಅಂತ ನಾನು ಹೇಳಲ್ಲ. ನಾನೂ ನಿನ್ನ ವಯಸ್ಸಿಗೆ ಹತ್ತಿದವನೇ. ಇಳಿಯೋ ಗುಳಿ ಎಲ್ಲಿದೆ ಅಂತ ನೋಡ್ಕೊಂಡು ಹತ್ತು’ ಎಂದು ಚಪ್ಪಲಿ ಮೆಟ್ಟಿಕೊಂಡರು.

ರಾಮಾಚಾರಿ ನಿಂತ ಬಂಡೆ ಯಾವುದು ಎಂದು ಆಮೇಲೆ ಯಾರೂ ಕೇಳಲಿಲ್ಲ. ಯಜಮಾನರೇ ಇಳಿಯುವಾಗ ದೂರದಿಂದ ತೋರಿಸಿದರು. ಕೊಡಬೇಕಾದ ದುಡ್ಡಿನ ಮೇಲೆ ಹುಡುಗರು ತಾವಾಗಿಯೇ ಇನ್ನಷ್ಟು ಸೇರಿಸಿದರು. ಅವರು ಎಣಿಸಿ, ಹೆಚ್ಚಾದದ್ದನ್ನು ವಾಪಸು ಕೊಟ್ಟರು!

ವಾಪಸು ದಾರಿಯ ಪ್ರಶ್ನೆ

ಕ್ರೂಸರಿನಲ್ಲಿ ಕಡಗ ನನ್ನ ಪಕ್ಕ ಬಂದು ಕೂತ. ಸ್ಪೀಕರ್ ಮೌನ. ಭರಮಸಾಗರ ದಾಟುವವರೆಗೂ ಮಾತಿಲ್ಲ. ಆಮೇಲೆ ಕೇಳಿದ.

‘ಅಣ್ಣಾ, ನೀವೂ ಪಿಯುಸಿ ಬಿಟ್ಟೋರಂತೆ. ನಿಮಗೇನು ಕಮ್ಮಿ ಆಗಿದೆ?’

ಗೆಳೆಯರೇ, ಈ ಪ್ರಶ್ನೆಯನ್ನು ವಾರಕ್ಕೆ ನಾಲ್ಕು ಪತ್ರಗಳಲ್ಲಿ ನೀವೂ ಕೇಳುತ್ತೀರಿ. ಅವನಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ಪುರಾಣ ಇಲ್ಲ, ಬರೀ ಲೆಕ್ಕ.

ಬರೆದು ಬದುಕುತ್ತಿದ್ದೇನೆ. ಈ ಕೆಲಸ ನನಗೆ ಇಷ್ಟ. ಬರೆದದ್ದಕ್ಕೆ ದುಡ್ಡು ಕೆಲವು ಕಡೆ ತಿಂಗಳಿಗೆ ಬರುತ್ತದೆ, ಕೆಲವು ಕಡೆ ಮೂರು ತಿಂಗಳಿಗೆ. ಒಂದು ಕಡೆಯಿಂದ ಬರಲೇ ಇಲ್ಲ. ಜ್ವರ ಬಂದ ವಾರ ಸಂಬಳ ಇಲ್ಲ. ಬೈಕಿಗೆ ಸಾಲ ಕೇಳಲು ಹೋದರೆ ‘ಸ್ಯಾಲರಿ ಸ್ಲಿಪ್’ ಎನ್ನುತ್ತಾರೆ. ಒಮ್ಮೆ ಒಂದು ಕಡೆ ಖಾಯಂ ಕೆಲಸ ಖಾಲಿ ಇತ್ತು. ನಾನು ಬರೆದದ್ದನ್ನು ಓದಿ ಮೆಚ್ಚಿದರು. ಆಮೇಲೆ ಅರ್ಜಿಯಲ್ಲಿ ‘ವಿದ್ಯಾರ್ಹತೆ’ ಎಂಬ ಖಾನೆ ನೋಡಿದರು. ಕಾಫಿ ಕೊಟ್ಟು ಕಳಿಸಿದರು. ಕಮ್ಮಿ ಆಗಿರುವುದು ಇಷ್ಟು. ಹೆಚ್ಚು ಆಗಿರುವುದು ಏನೆಂದರೆ ಇವತ್ತು ನಿಮ್ಮ ಜೊತೆ ದುರ್ಗ ನೋಡಿದೆ, ಅದನ್ನು ಬರೆದರೆ ಓದುವವರಿದ್ದಾರೆ.

‘ಹಾಗಾದ್ರೆ ಹೋಗ್ಲೋ ಬೇಡ್ವೋ?’

ಅದನ್ನು ಹೇಳಲು ನಾನು ಯಾರು? ಆದರೆ ಚಿತ್ರರಂಗದ ಲೆಕ್ಕ ಗೊತ್ತು, ಅದನ್ನು ಹೇಳಿದೆ. ‘ನಾಗರಹಾವು’ ಒಂದೇ ಚಿತ್ರದಿಂದ ವಿಷ್ಣುವರ್ಧನ್ ನಾಯಕರಾದರು. ಎಲ್ಲರೂ ಹೇಳುವುದು ಆ ಕಥೆ. ಅದೇ ಚಿತ್ರದಲ್ಲಿ ಅದೇ ದಿನ ತೆರೆಗೆ ಬಂದ ಜಲೀಲನ ಕಥೆ ಕೇಳು. 1972ರ ಆ ಸಣ್ಣ ಪಾತ್ರ ಆದ ಮೇಲೆ 1975ರಲ್ಲಿ ‘ಶುಭಮಂಗಳ’, 1978ರಲ್ಲಿ ‘ಪಡುವಾರಹಳ್ಳಿ ಪಾಂಡವರು’, ನಡುವೆ ಖಳನ ಪಾತ್ರಗಳು, ಬಂದು ಹೋಗುವ ಪಾತ್ರಗಳು. 1981ರಲ್ಲಿ ‘ಅಂತ’ ಬಂದ ಮೇಲೆ ತಾನೇ ಜನ ಅಂಬರೀಶ್ ಅಂದರೆ ‘ರೆಬೆಲ್ ಸ್ಟಾರ್’ ಅಂದದ್ದು? ಒಂಬತ್ತು ವರ್ಷ! ಒಂಬತ್ತು ವರ್ಷ ನಿಲ್ಲಲು ಕಾಲಿಗೆ ಗುಳಿ ಬೇಕು. ಅದು ಪಿಯುಸಿಯೋ, ಡ್ರೈವಿಂಗ್ ಲೈಸೆನ್ಸೋ, ಅಪ್ಪನ ಒಪ್ಪಿಗೆಯೋ, ಅವರವರಿಗೆ ಬಿಟ್ಟದ್ದು. ಒಂದಾದರೂ ಇರಬೇಕು.

ದಾವಣಗೆರೆಯಲ್ಲಿ ಮಿರ್ಚಿಗೆ ಗಾಡಿ ನಿಂತಿತು. ಮಂಡಕ್ಕಿ ಕಲೆಸುವವನ ಮುಂದೆ ಹನ್ನೊಂದು ಜನ ಮುತ್ತಿಗೆ ಹಾಕಿದರು. ಕಡಗ ತಟ್ಟೆ ಹಿಡಿದುಕೊಂಡು ಬಂದು, ‘ಇಂಗ್ಲಿಷ್ ಪೇಪರ್ ಬರೆದೇ ಹೋಗ್ತೀನಣ್ಣ. ಹೋಗೋದಂತೂ ಹೋಗ್ತೀನಿ!’ ಎಂದ.

ಹೋಗಲಿ. ಹೋಗುವವರನ್ನು ಈ ಅಂಕಣ ಯಾವತ್ತೂ ತಡೆದಿಲ್ಲ. ಅಪ್ಪನಿಗೆ ಹೇಳಿ ಹೋಗುತ್ತೀಯಾ ಎಂದು ಕೇಳಿದೆ. ಅದಕ್ಕೆ ಮಾತ್ರ ಮಿರ್ಚಿ ಕಚ್ಚಿದನೇ ಹೊರತು ಉತ್ತರ ಕೊಡಲಿಲ್ಲ.

ನೀವೂ ಹೊರಡುವುದಾದರೆ ಕೇಳಿ. ದಾವಣಗೆರೆ, ಹರಿಹರದಿಂದ ದುರ್ಗಕ್ಕೆ ಬಸ್ಸಿಗೆ ಬರವಿಲ್ಲ. ಬಿಸಿಲೇರುವ ಮುಂಚೆ ಕೋಟೆ ಹತ್ತಿ. ಬಂಡೆ ಕಾದರೆ ಕೆಂಡ. ನೀರಿನ ಬಾಟಲಿ ಒಯ್ದು ಖಾಲಿ ಬಾಟಲಿ ವಾಪಸು ತನ್ನಿ. ಹಿಡಿತವಿರುವ ಚಪ್ಪಲಿಯೋ ಬೂಟೋ ಇರಲಿ. ಕೋತಿಗಳ ಮುಂದೆ ತಿಂಡಿಯ ಪೊಟ್ಟಣ ಬಿಚ್ಚಬೇಡಿ. ಗೈಡ್ ಮಾಡಿಕೊಳ್ಳಿ, ದುಡ್ಡು ಮೊದಲೇ ಮಾತಾಡಿ, ಮಾತಾಡಿದ ಮೇಲೆ ಪೂರ್ತಿ ಕೊಡಿ. ಸಮಯ ಉಳಿದರೆ ಪಕ್ಕದ ಚಂದ್ರವಳ್ಳಿಗೂ ಹೋಗಿ ಬನ್ನಿ. ಕದಂಬರ ಮಯೂರಶರ್ಮನ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ಕೋಟೆಗಿಂತ ಸಾವಿರ ವರ್ಷಕ್ಕೂ ಹಿಂದಿನದು. ಆ ಬಂಡೆಯ ಮೇಲೂ ನಿಮ್ಮ ಹೆಸರು ಬರೆಯಬೇಡಿ ದೊರೆಗಳೇ!

ಮುಂದಿನ ವಾರ ಮತ್ತೆ ಗಾಂಧಿನಗರದಲ್ಲಿ ಸಿಗೋಣ.